ಬಂದಿಶ್ ಪುಸ್ತಕಕ್ಕೆ ಪುಟ ಕಟ್ಟುವಾಗ

ಶಿರಸಿಯಲ್ಲಿ ಡಿಟಿಪಿ ಅಂಗಡಿ ಇಟ್ಟವಳಿಗೆ ಮದುವೆ ಕಾಗದ, ಸೊಸೈಟಿಯ ವಾರ್ಷಿಕ ವರದಿ, ವರ್ಷಕ್ಕೊಂದೆರಡು ಅಭಿನಂದನ ಗ್ರಂಥ ಇದ್ದರೆ ಹೊಟ್ಟೆಪಾಡು ನಡೆಯುತ್ತದೆ. ಹಿಂದುಸ್ತಾನಿ ಬಂದಿಶ್‌ಗಳ, ಅಂದರೆ ರಾಗ-ತಾಳಕ್ಕೆ ಕೂರಿಸಿದ ಹಾಡುಗಳ, ಸ್ವರಗಳನ್ನು ಬರೆದಿಟ್ಟ ಸ್ವರಲಿಪಿ ಪುಸ್ತಕ ಬಂದಾಗ ಇದೂ ಒಂದು ಪುಸ್ತಕ ತಾನೇ ಎಂದು ಒಪ್ಪಿಕೊಂಡುಬಿಟ್ಟೆ. ಮೊದಲ ಕರಡು ನೋಡಿದ ಸಂಗೀತದ ಮಾಸ್ತರು ಕನ್ನಡಕ ಹಣೆಗೇರಿಸಿ, "ತಂಗೀ, ಇದು ಓದ್ಲಿಕ್ಕೋ, ಹಾಡ್ಲಿಕ್ಕೋ?" ಎಂದರು. ಆಮೇಲೆ ಅಂಥ ಇನ್ನೂ ಮೂರು ಪುಸ್ತಕ ಮಾಡಿದ್ದೇನೆ. ಈ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಹೇಳುವುದು ಇಷ್ಟು.

ಪುಟಸಂಖ್ಯೆಯನ್ನು ನಂಬಬೇಡಿ. ಮೊದಲ ಪುಸ್ತಕದ ಕೊನೆಯಲ್ಲಿ ಪಾಠಾಂತರದ ಟಿಪ್ಪಣಿಗಳಿದ್ದವು. ಯಾವ ಹಸ್ತಪ್ರತಿಯಲ್ಲಿ ಕೋಮಲ (ತಗ್ಗಿಸಿದ) ನಿಷಾದ, ಯಾವುದರಲ್ಲಿ ಶುದ್ಧ ಎಂಬಂಥವು. ಎಲ್ಲದಕ್ಕೂ "ಪುಟ 47, ಸಾಲು 6" ಎಂದು ಹಾಕಿದ್ದೆ. ಎರಡು ಪುಟ ಎಂದಿದ್ದ ಮುನ್ನುಡಿ ನಾಲ್ಕಾಗಿ ಬಂತು, ಮಾಸ್ತರು ಒಂದು ಬಂದಿಶ್ ಹಿಂದಕ್ಕೆ ಸರಿಸಿದರು, ಅಲ್ಲಿಗೆ ಟಿಪ್ಪಣಿಗಳೆಲ್ಲ ದಿಕ್ಕು ತಪ್ಪಿದವು. ಎರಡು ರಾತ್ರಿ ಕೂತು ತಿದ್ದಿದೆ. ಈಗ ಪ್ರತಿ ಬಂದಿಶ್‌ಗೂ ಪುಸ್ತಕದುದ್ದಕ್ಕೂ ಮುಂದುವರಿಯುವ ಕ್ರಮಸಂಖ್ಯೆ, ಒಳಗೆ ಪ್ರತಿ ಆವರ್ತನಕ್ಕೂ (ತಾಳದ ಒಂದು ಸುತ್ತಿಗೂ) ಸಂಖ್ಯೆ. ಟಿಪ್ಪಣಿಯಲ್ಲಿ "12-3-5" ಎಂದರೆ 12ನೇ ಬಂದಿಶ್, 3ನೇ ಆವರ್ತನ, 5ನೇ ಮಾತ್ರೆ (ತಾಳದ ಒಂದು ಎಣಿಕೆ). ಪುಟ ಎಲ್ಲಿಗೆ ಹೋದರೂ, ಮರುಮುದ್ರಣದಲ್ಲಿ ಅಳತೆಯೇ ಬದಲಾದರೂ ಅದು ಕದಲುವುದಿಲ್ಲ. ಪಾಶ್ಚಾತ್ಯ ಸಂಗೀತದವರದೂ ಇದೇ ಹಾದಿ. ಜರ್ಮನಿಯಲ್ಲಿ 1954ರಿಂದ 2007ರವರೆಗೆ ಸಂಗೀತಕಾರ ಬಾಖ್‌ನ ಕೃತಿಗಳ ಹೊಸ ಸಂಪುಟಗಳು ಬಂದವು. ಅಲ್ಲಿ ಪಾಠಾಂತರದ ವರದಿಯೇ ಬೇರೆ ಪುಸ್ತಕ, ಉಲ್ಲೇಖವೆಲ್ಲ ಬಾರ್ (ನಮ್ಮ ಆವರ್ತನದಂಥದ್ದು) ಸಂಖ್ಯೆಯಲ್ಲಿ.

ಆವರ್ತನ ಎಣಿಸುವಲ್ಲಿ ಒಂದು ತೊಡಕಿದೆ. 16 ಮಾತ್ರೆಯ ತೀನ್‌ತಾಲದ ಎಷ್ಟೋ ಬಂದಿಶ್‌ಗಳು 9ನೇ ಮಾತ್ರೆಯಿಂದ, ಅಂದರೆ ಚಪ್ಪಾಳೆಯಿಲ್ಲದ ಖಾಲಿಯಿಂದ ಏಳುತ್ತವೆ. ಭಾತಖಂಡೆಯವರ ಸ್ವರಲಿಪಿ ಪದ್ಧತಿಯಲ್ಲಿ ಆಗ ಸಾಲೂ ಅಲ್ಲಿಂದಲೇ ಶುರು: 0 (ಖಾಲಿ), 3, × (ಸಮ್, ತಾಳದ ಮೊದಲ ಮಾತ್ರೆ), 2. ಸಮ್ ಸಾಲಿನ ನಡುವೆ ಬೀಳುತ್ತದೆ. ನಾನು ಮೊದಲ ಸಮ್‌ನಿಂದ 1 ಎಂದು ಎಣಿಸುತ್ತೇನೆ. ಅದಕ್ಕಿಂತ ಮುಂಚಿನ ಎಂಟು ಮಾತ್ರೆ ಸೊನ್ನೆಯ ಆವರ್ತನ. ಪಾಶ್ಚಾತ್ಯರೂ ಆರಂಭದ ಅರೆ ಬಾರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ಸಾಲಿನಲ್ಲಿ ಬೀಳುವ ಸಮ್ ಎಷ್ಟನೆಯದೋ ಆ ಸಂಖ್ಯೆ ಎಡ ಅಂಚಿನಲ್ಲಿ ಸಣ್ಣದಾಗಿರಲಿ. ಇದನ್ನು ಪುಸ್ತಕದ ಆರಂಭದಲ್ಲಿ ಒಂದು ಉದಾಹರಣೆ ಕೊಟ್ಟು ಹೇಳಲೇಬೇಕು. ಇಲ್ಲದಿದ್ದರೆ ಓದುವವರು ಫೋನ್ ಮಾಡುತ್ತಾರೆ, ಅದೂ ನನಗೆ.

ಇನ್ನು ಪುಟಸಂಖ್ಯೆ. ಮುನ್ನುಡಿ, ಅರಿಕೆ, ಪರಿವಿಡಿಗೆ ರೋಮನ್ ಅಂಕಿ. ಒಳಗಿನ ಮುಖ್ಯ ಭಾಗಕ್ಕೆ 1ರಿಂದ ಶುರು. ಆಗ ಮುನ್ನುಡಿ ಬರೆಯುವ ಹಿರಿಯರು ಎಷ್ಟು ಉದ್ದ ಬರೆದರೂ ಒಳಗಿನದು ಅಲುಗುವುದಿಲ್ಲ. ಬಲಪುಟಕ್ಕೆ ಬೆಸ, ಎಡಪುಟಕ್ಕೆ ಸಮ. ಹಾಗಾಗಿ ರೋಮನ್ ಪುಟಗಳ ಮೊತ್ತ ಸಮಸಂಖ್ಯೆಯಾಗಿರಬೇಕು, ಕಡಿಮೆ ಬಿದ್ದರೆ ಒಂದು ಖಾಲಿ ಪುಟ ಬಿಡಿ. ಖಾಲಿ ಪುಟ ಲೆಕ್ಕಕ್ಕುಂಟು, ಅದರ ಮೇಲೆ ಸಂಖ್ಯೆ ಬೇಡ. ಒಟ್ಟು ಪುಟ 16ರ ಫಾರಂಗೆ (ಒಟ್ಟಿಗೆ ಅಚ್ಚಾಗಿ ಮಡಚುವ ಪುಟಗಳ ಕಟ್ಟಿಗೆ) ಕೂಡಲಿ: ರೋಮನ್ 10 ಮತ್ತು ಒಳಗಿನ 118 ಸೇರಿದರೆ 128, ಸರಿಯಾಗಿ ಎಂಟು ಫಾರಂ. 130 ಆದರೆ ಎರಡು ಪುಟಕ್ಕಾಗಿ ಇನ್ನೊಂದು ಫಾರಂ ಶುರುವಾಗುತ್ತದೆ, ಪ್ರಕಾಶಕರ ಮುಖ ನೋಡಲಿಕ್ಕಾಗುವುದಿಲ್ಲ.

ಬರಹದ ಅಧ್ಯಾಯಗಳು ಬಲಪುಟದಲ್ಲಿ ಶುರುವಾಗಲಿ, ಬಂದಿಶ್ ಮಾತ್ರ ಎಡಪುಟದಲ್ಲಿ. ಬಂದಿಶ್‌ನ ಮೊದಲ ಭಾಗವಾದ ಸ್ಥಾಯಿ ಎಡಕ್ಕೆ, ಎರಡನೆಯದಾದ ಅಂತರಾ ಬಲಕ್ಕೆ ಬಂದರೆ ಹಾಡುವಾಗ ಪುಟ ತಿರುವುವ ಗೋಜಿಲ್ಲ. ಮಾಸ್ತರು ಕೇಳಿದ್ದು ಇದನ್ನೇ. ಒಂದು ಕೈ ಹಾರ್ಮೋನಿಯಂ ತಿದಿಯ ಮೇಲೆ, ಇನ್ನೊಂದು ಮನೆಗಳ ಮೇಲೆ. ಪುಟ ತಿರುವಲು ಮೂರನೇ ಕೈ ಎಲ್ಲಿಂದ ತರಬೇಕು? ಪುಸ್ತಕ ತಾನಾಗಿ ತೆರೆದು ಕೂರಬೇಕಾದರೆ ಹೊಲಿಗೆಯ ಬೈಂಡಿಂಗೇ ಬೇಕು, ಒಳ ಅಂಚು ಧಾರಾಳವಾಗಿರಬೇಕು.

ಪುಟದ ಅಳತೆಯಲ್ಲಿ ಡೆಮಿ 1/8 (ಸಾಮಾನ್ಯ ಕಾದಂಬರಿಯ ಅಳತೆ) ಆಗದು. ಅಂಚು ಬಿಟ್ಟರೆ ಉಳಿಯುವುದು ನಾಲ್ಕೂಕಾಲು ಇಂಚು. 16 ಮಾತ್ರೆಗೆ ಹಂಚಿದರೆ ಒಂದಕ್ಕೆ ಸಿಗುವುದು ಕಾಲು ಇಂಚು ಮೇಲೆ ಚೂರು, ಅದರಲ್ಲಿ 'ಸರಿಗಮ' ಎಂದು ನಾಲ್ಕು ಸ್ವರ ಕೂರುವುದಿಲ್ಲ. ಅದಕ್ಕಿಂತ ಅಗಲವಾದ ಕ್ರೌನ್ 1/4 ತೆಗೆದುಕೊಳ್ಳಿ, ಅಥವಾ ಸಾಲನ್ನು ಎಂಟೆಂಟಾಗಿ ಮುರಿಯಿರಿ. ವಿಲಂಬಿತ (ನಿಧಾನಗತಿಯ) ಏಕತಾಲದ 12 ಮಾತ್ರೆಗಳನ್ನು ನಾಲ್ಕು ಮಾತ್ರೆಗೊಂದರಂತೆ ಮೂರು ಸಾಲು ಮಾಡುತ್ತೇನೆ. ಎಲ್ಲಿ ಮುರಿದರೂ ತಾಳದ ವಿಭಾಗದ ಗೆರೆಯಲ್ಲೇ ಮುರಿಯಬೇಕು. ಸ್ಪೇಸ್ ಒತ್ತಿ ಒತ್ತಿ ಸ್ವರಗಳನ್ನು ಸಾಲಾಗಿಸಬೇಡಿ, ಟೇಬಲ್ ಹಾಕಿ. ನಾನು ಸ್ಪೇಸ್ ಹೊಡೆದು ಕಳಿಸಿದ ಫೈಲು ಹುಬ್ಬಳ್ಳಿಯ ಪ್ರೆಸ್ಸಿನಲ್ಲಿ ಬೇರೆ ಫಾಂಟಿಗೆ ತೆರೆದುಕೊಂಡಾಗ ಸಮ್ ಎಲ್ಲೋ, × ಎಲ್ಲೋ.

ಕನ್ನಡದ ಅಕ್ಷರಗಳದ್ದೇ ಕೆಲವು ಕಿತಾಪತಿಗಳಿವೆ. ತಾರಸ್ಥಾಯಿಯ (ಮೇಲಿನ ಸಪ್ತಕದ) ಚುಕ್ಕಿ ಸ್ವರದ ಮೇಲೆ ಬರಬೇಕು. 'ರಿ', 'ನಿ' ಮೇಲೆ ಆಗಲೇ ಗುಡಿಸು ಕೂತಿದೆ, ಚುಕ್ಕಿ ಅದಕ್ಕಂಟಿ ಕಾಣಿಸುವುದೇ ಇಲ್ಲ. ಎಲ್ಲ ಸ್ವರಕ್ಕೂ ಚುಕ್ಕಿಯನ್ನು ಒಂದೇ ಎತ್ತರಕ್ಕೆ, ಗುಡಿಸಿಗಿಂತ ಮೇಲೆ ಇಡಿ. ಮಂದ್ರದ (ಕೆಳಗಿನ ಸಪ್ತಕದ) ಕೋಮಲ ನಿಷಾದಕ್ಕೆ ಮೊದಲು ಕೋಮಲದ ಗೀಟು, ಅದರ ಕೆಳಗೆ ಚುಕ್ಕಿ. ಸಾಹಿತ್ಯದ ಸಾಲಿನಲ್ಲಿ 'ಕೃಷ್ಣ' ಬಂತೆಂದರೆ ಒತ್ತಕ್ಷರ ಕೆಳಗಿನ ತಾಳದ ಗುರುತಿಗೆ ಬಡಿಯುತ್ತದೆ, ಆ ಅಂತರ ಮೊದಲೇ ಹೆಚ್ಚಿಸಿಕೊಳ್ಳಿ. ಅಕ್ಷರ ಎಳೆಯುವ ಕಡೆ ಅವಗ್ರಹ 'ಽ' ಹಾಕಬೇಕು, ಇಂಗ್ಲಿಷಿನ ಎಸ್ ಅಲ್ಲ. ತಾಳದ ಗುರುತಿಗೆ ಕನ್ನಡ ಅಂಕಿ ನನಗಂತೂ ಬೇಡ: ಖಾಲಿಯ '೦' ಸೀದಾ ಅನುಸ್ವಾರದಂತೆ ಕಾಣುತ್ತದೆ.

ಸಂಪಾದಕರು ತಾವಾಗಿ ಸೇರಿಸಿದ ಸ್ವರಕ್ಕೆ ದುಂಡು ಕಂಸ ಹಾಕುವ ತಪ್ಪು ಮಾತ್ರ ಮಾಡಬೇಡಿ. ಭಾತಖಂಡೆ ಪದ್ಧತಿಯಲ್ಲಿ (ಪ) ಎಂದರೆ 'ಧಪಮಪ' ಎಂದು ಹಾಡಬೇಕು ಎಂದರ್ಥ. ನಾನು ಹಾಗೆ ಹಾಕಿದ್ದನ್ನು ಮಾಸ್ತರ ಶಿಷ್ಯೆಯೊಬ್ಬಳು ಹಾಡಿಯೇ ಬಿಟ್ಟಳು. ಸೇರಿಸಿದ್ದಕ್ಕೆ ಚೌಕ ಕಂಸ: [ಪ].

ಪುಟದ ತಲೆಯಲ್ಲಿ ಎಡಕ್ಕೆ ಥಾಟ್ (ರಾಗಗಳ ಗುಂಪು), ಬಲಕ್ಕೆ ರಾಗದ ಹೆಸರು. ಪುಟಸಂಖ್ಯೆ ಕೆಳಗೆ ಹೊರ ಮೂಲೆಯಲ್ಲಿ. ಹುಡುಕುವವರು ಹುಡುಕುವುದು ಯಮನ್ ಎಲ್ಲಿ ಎಂದು, 47 ಎಲ್ಲಿ ಎಂದಲ್ಲ.

ಪ್ರೆಸ್ಸಿಗೆ ಕಳಿಸುವ ಮೊದಲು ಎರಡು ಪುಟ ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗುತ್ತೇನೆ. ಝೆರಾಕ್ಸ್ ಮಾಡಿಸಿ, ಅದರದ್ದೇ ಮತ್ತೊಂದು ಝೆರಾಕ್ಸ್. ಪುಸ್ತಕ ಕೊಳ್ಳುವ ಮಕ್ಕಳಿಗಿಂತ ಝೆರಾಕ್ಸ್ ಹಿಡಿದು ಕ್ಲಾಸಿಗೆ ಬರುವ ಮಕ್ಕಳು ಹೆಚ್ಚು. ಎರಡನೇ ಪ್ರತಿಯಲ್ಲೂ ಮಂದ್ರದ ಚುಕ್ಕಿ ಕಂಡರೆ ಫೈಲು ಹುಬ್ಬಳ್ಳಿಗೆ. ಕಾಣದಿದ್ದರೆ ಚುಕ್ಕಿ ದಪ್ಪ ಮಾಡಿಕೊಂಡು ಮತ್ತೆ ಅದೇ ಅಂಗಡಿಗೆ.