ಡೂಮಿನೊಳಗಿನ ವೈರು: ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು

ಗಾಡಿ ಗುಂಡಿಗೆ ಇಳಿದಾಗಲೆಲ್ಲ ಹೆಡ್‌ಲೈಟು ಒಂದು ಕ್ಷಣ ಆರಿ ಮತ್ತೆ ಹತ್ತಿಕೊಳ್ಳುತ್ತದೆ ಎಂಬ ದೂರು ಬಂದರೆ ನಾನು ಮೊದಲು ಬಲ್ಬನ್ನು ಅನುಮಾನಿಸುವುದಿಲ್ಲ. ಡೂಮಿನ, ಅಂದರೆ ಲೈಟಿನ ಹೊರಗೂಡಿನ, ಹಿಂದಿನ ರಬ್ಬರ್ ಬೂಟು (ಮುಚ್ಚಳ) ತೆಗೆದು, ಲೈಟು ಉರಿಯುತ್ತಿರುವಾಗಲೇ, ಕಪ್ಲರಿನ (ವೈರು ಜೋಡಿಸುವ ಪ್ಲಗ್ಗಿನ) ಹಿಂದಿನ ವೈರುಗಳನ್ನು ಒಂದೊಂದಾಗಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತೇನೆ. ಬಹುಪಾಲು ಸಲ ದೋಷ ಅಲ್ಲೇ ಕೈಗೆ ಸಿಗುತ್ತದೆ. ವೈರು ಸುಟ್ಟಿರುವುದಿಲ್ಲ, ಹೊರಗಿನಿಂದ ನೋಡಿದರೆ ತುಂಡಾದಂತೆಯೂ ಕಾಣುವುದಿಲ್ಲ. ಆದರೆ ಅದಕ್ಕೆ ಎಲ್ಲಿಯೂ ಆಸರೆ ಇರುವುದಿಲ್ಲ. ಗಾಡಿ ನಡುಗಿದಾಗಲೆಲ್ಲ ತಾನೂ ನಡುಗಿ, ಟರ್ಮಿನಲ್ (ವೈರಿನ ತುದಿಯ ಲೋಹದ ಹಿಡಿ) ಹಿಡಿದುಕೊಂಡಿರುವ ಜಾಗದಲ್ಲಿ ಒಳಗಿನ ತಾಮ್ರದ ಎಳೆಗಳು ಒಂದೊಂದೇ ಕಡಿದುಹೋಗಿರುತ್ತವೆ. ಮೇಲಿನ ಸಿಪ್ಪೆ ಮಾತ್ರ ಏನೂ ಆಗದ ಹಾಗೆ ನೆಟ್ಟಗಿರುತ್ತದೆ.

ಇಂಥ ವೈರು ಮೀಟರಿಗೂ ಮೋಸ ಮಾಡುತ್ತದೆ. ಬಲ್ಬು ಕಳಚಿ ಕಪ್ಲರಿನಲ್ಲಿ ಅಳೆದರೆ, ಉಳಿದಿರುವುದು ಒಂದೇ ಎಳೆಯಾದರೂ ಮೀಟರು ಪೂರ್ತಿ 12 ವೋಲ್ಟ್ ತೋರಿಸುತ್ತದೆ. 60 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಆ ಭಾರ ಬಿದ್ದಾಗ ಮಾತ್ರ ಬಡವಾದ ಜಾಗ ಬಿಸಿಯಾಗಿ ವೋಲ್ಟೇಜು ಕುಸಿಯುವುದು. ಹಾಗಾಗಿ ಬಲ್ಬು ಉರಿಯುತ್ತಿರುವಾಗಲೇ ಕಪ್ಲರಿನ ಹಿಂಬದಿಯಿಂದ ಅಳೆಯುತ್ತೇನೆ. ಬ್ಯಾಟರಿಯಲ್ಲಿರುವುದಕ್ಕೂ ಇಲ್ಲಿ ಸಿಗುವುದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ವೈರನ್ನೋ ಅರ್ತನ್ನೋ (ಕರೆಂಟು ಬ್ಯಾಟರಿಗೆ ಹಿಂದಿರುಗುವ ದಾರಿ) ಬಿಚ್ಚಿ ನೋಡದೆ ಬಿಡುವುದಿಲ್ಲ.

ಡೂಮಿನೊಳಗೆ ವೈರನ್ನು ಎಲ್ಲ ಕಡೆ ಬಿಗಿದು ಕಟ್ಟುವುದೂ, ಎಲ್ಲಿಯೂ ಕಟ್ಟದೆ ಬಿಡುವುದೂ ಎರಡೂ ಒಂದೇ ಕಡೆಗೆ ಒಯ್ಯುತ್ತವೆ. ಕರುವನ್ನು ಕಟ್ಟಿದ ಹಾಗಿರಬೇಕು: ಗೂಟ ಗಟ್ಟಿ, ಹಗ್ಗ ಸಡಿಲ. ವೈರು ಒಳಗೆ ಬರುವ ಬಾಯಲ್ಲಿ ಅಲ್ಲಾಡಬಾರದು. ಬಲ್ಬಿನ ಹತ್ತಿರ ಹೋಗುತ್ತಾ ಅದಕ್ಕೆ ಆಡಲು ಜಾಗ ಇರಬೇಕು. ನಾನು ಮಾಡುವ ಉಳಿದದ್ದೆಲ್ಲ ಇದರ ಸುತ್ತಲೇ ಇದೆ.

ಕಟ್ಟುವುದಕ್ಕೆ ಮುಂಚೆ ದಾರಿ ನೋಡಬೇಕು. ವೈರನ್ನು ಸುಮ್ಮನೆ ಒಳಗೆ ಇಳಿಬಿಟ್ಟು ಅದು ತಾನಾಗಿ ಎಲ್ಲಿ ಕೂರುತ್ತದೆ ಎಂದು ಗಮನಿಸುತ್ತೇನೆ. ನೋಡಬೇಕಾದ್ದು ಮುಖ್ಯವಾಗಿ ಬಿಸಿ. ಹ್ಯಾಲೊಜನ್ ಬಲ್ಬು ಸರಿಯಾಗಿ ಕೆಲಸ ಮಾಡಬೇಕಾದರೆ ಅದರ ಗಾಜು ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಲೇಬೇಕು. ನಾವು ಸಾಮಾನ್ಯವಾಗಿ ಬಳಸುವ ಪಿವಿಸಿ ವೈರಿನ ಸಿಪ್ಪೆ ತಡೆಯುವುದು 85ರಿಂದ 105 ಡಿಗ್ರಿವರೆಗೆ. ಬಿಸಿ ಗಾಳಿ ಮೇಲಕ್ಕೇ ಏರುವುದರಿಂದ ಬಲ್ಬಿನ ನೆತ್ತಿಯ ಮೇಲಿನ ಜಾಗವೇ ಡೂಮಿನಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗ. ವೈರನ್ನು ಯಾವಾಗಲೂ ಕೆಳಗಿನಿಂದ ಅಥವಾ ಪಕ್ಕದಿಂದ ತರುತ್ತೇನೆ. ಮೇಲಿನಿಂದಲೇ ಬರಬೇಕಾದ ಡೂಮುಗಳೂ ಇವೆ. ಅಲ್ಲಿ ಬಲ್ಬಿನ ಹತ್ತಿರದ ತುಂಡಿಗೆ 125 ಡಿಗ್ರಿ ತಡೆಯುವ ಎಕ್ಸ್‌ಎಲ್‌ಪಿಇ ವೈರು ಹಾಕುತ್ತೇನೆ, ಅಥವಾ ವೈರಿನ ಮೇಲೆ ಫೈಬರ್‌ಗ್ಲಾಸ್ ಸ್ಲೀವು ಏರಿಸುತ್ತೇನೆ. ಸಿಲಿಕೋನ್ ವೈರು 180–200 ಡಿಗ್ರಿವರೆಗೂ ತಡೆಯುತ್ತದೆ, ಬಾಗಲು ಬಹಳ ಮೆದು. ಆದರೆ ಅದರ ಸಿಪ್ಪೆ ಅಷ್ಟೇ ಬೇಗ ಹರಿಯುತ್ತದೆ. ಚೂಪಾದ ಪ್ಲಾಸ್ಟಿಕ್ ಅಂಚಿನ ಮೇಲೆ ಹಾಯುವುದಾದರೆ ಸ್ಲೀವಿಲ್ಲದೆ ಹಾಕಬಾರದು.

ಕೇಬಲ್ ಟೈ (ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ವಿಷಯದಲ್ಲೂ ಇದೇ ಲೆಕ್ಕ. ಎಲ್ಲೆಡೆ ಸಿಗುವ ನೈಲಾನ್ 66 ಟೈ ಸತತವಾಗಿ ತಡೆಯುವುದು ಸುಮಾರು 85 ಡಿಗ್ರಿ. ಬಿಸಿಗೆಂದೇ ಮಾಡಿದ ನೈಲಾನ್ ಟೈ 105 ಡಿಗ್ರಿ ಮತ್ತು ಅದಕ್ಕೂ ಮೇಲೆ ತಡೆಯುತ್ತದೆ. ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ, ಓದಿ ತರಬೇಕು. ಬಿಸಿಯಲ್ಲಿ ಒಣಗಿ ಪೆಡಸಾದ ಟೈ ಮುಟ್ಟಿದರೆ ಪಟ್ಟನೆ ಮುರಿಯುತ್ತದೆ. ಹಳೆಯ ಡೂಮು ಬಿಚ್ಚಿದಾಗ ತಳದಲ್ಲಿ ಟೈ ಚೂರುಗಳು ಬಿದ್ದಿರುವುದು ಅದಕ್ಕೇ.

ಈಗ ಗೂಟದ ಕೆಲಸ. ವೈರು ಡೂಮನ್ನು ಹೊಗುವ ತೂತಿನಲ್ಲಿ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಇರಲೇಬೇಕು, ಅದು ವೈರಿನ ಮೈಗೆ ಸರಿಯಾಗಿ ಕೂರಬೇಕು. ದೊಡ್ಡದಾದರೆ ನೀರು ಬರುತ್ತದೆ, ಚಿಕ್ಕದಾದರೆ ಸಿಪ್ಪೆ ಒತ್ತುತ್ತದೆ. ಆದರೆ ಗ್ರೊಮೆಟ್ಟನ್ನೇ ಗೂಟ ಎಂದು ನಂಬಬಾರದು. ಅದರ ಕೆಲಸ ಉಜ್ಜುವುದನ್ನು ತಪ್ಪಿಸುವುದು, ಎಳೆತ ತಡೆಯುವುದಲ್ಲ. ಎಳೆತ ತಡೆಯಲು ಹೊರಗಡೆ ಒಂದು ಕ್ಲಿಪ್ಪು, ಒಳಗೆ ಎರಡು ಮೂರು ಬೆರಳಿನ ಅಗಲ ಬಿಟ್ಟು ಇನ್ನೊಂದು. ಕಂಪನಿಯಿಂದ ಬರುವ ಬಹಳಷ್ಟು ಡೂಮುಗಳ ಒಳಗೋಡೆಯಲ್ಲಿ ಸಣ್ಣ ಕೊಕ್ಕೆಯೋ ತೂತಿರುವ ಪಟ್ಟಿಯೋ ಇರುತ್ತದೆ. ಅದು ಇರುವುದೇ ವೈರಿಗಾಗಿ. ಬಲ್ಬು ಬದಲಾಯಿಸಿದವರು ವೈರನ್ನು ಅದರಿಂದ ಬಿಡಿಸಿ ಮತ್ತೆ ಸಿಕ್ಕಿಸದೆ ಮುಚ್ಚಿರುತ್ತಾರೆ. ಕೊಕ್ಕೆ ಇಲ್ಲದಿದ್ದರೆ ಮೊದಲೇ ಇರುವ ಸ್ಕ್ರೂ ಒಂದರ ಕೆಳಗೆ ರಬ್ಬರ್ ಹೊದಿಕೆಯ ಪಿ-ಕ್ಲಿಪ್ (P ಆಕಾರದ ವೈರು ಹಿಡಿ) ಸೇರಿಸುತ್ತೇನೆ. ಡೂಮಿಗೆ ಹೊಸ ತೂತು ಕೊರೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಕೊರೆದ ಪ್ರತಿಯೊಂದು ತೂತೂ ನೀರಿಗೆ ಕೊಟ್ಟ ದಾರಿ.

ಟೈ ಎಷ್ಟು ಬಿಗಿಯಬೇಕು ಎಂದು ಹೊಸಬರು ಯಾವಾಗಲೂ ಕೇಳುತ್ತಾರೆ. ನಾನು ಮೊದಲು ವೈರುಗಳ ಕಟ್ಟಿಗೆ ಆ ಜಾಗದಲ್ಲಿ ಬಟ್ಟೆ ಟೇಪನ್ನು ಎರಡು ಸುತ್ತು ಸುತ್ತುತ್ತೇನೆ. ಅದರ ಮೇಲೆ ಟೈ ಹಾಕಿ ಕೈಯಲ್ಲೇ ಎಳೆಯುತ್ತೇನೆ, ಪಕ್ಕಡ್ ಹಿಡಿದು ಎಳೆಯುವುದಿಲ್ಲ. ಕಟ್ಟನ್ನು ಉದ್ದಕ್ಕೆ ಎಳೆದರೆ ಜಾರಬಾರದು. ಟೈ ಬಿಚ್ಚಿ ನೋಡಿದರೆ ಸಿಪ್ಪೆಯ ಮೇಲೆ ತಗ್ಗು ಬಿದ್ದಿರಬಾರದು. ಉಳಿದ ಬಾಲವನ್ನು ಬುಡಕ್ಕೇ, ಚಪ್ಪಟೆ ಬಾಯಿಯ ಕಟರಿನಲ್ಲಿ ಕತ್ತರಿಸುತ್ತೇನೆ. ಓರೆಯಾಗಿ ಉಳಿದ ತುದಿ ಬ್ಲೇಡಿನಷ್ಟೇ ಹರಿತ. ಮುಂದೆ ಬಲ್ಬು ಹಾಕುವವರ ಬೆರಳನ್ನೂ ಪಕ್ಕದ ವೈರನ್ನೂ ಕೊಯ್ಯುತ್ತದೆ. ಟೈಯ ತಲೆ ಗೋಡೆಯ ಕಡೆಗಿರಬೇಕು, ರಿಫ್ಲೆಕ್ಟರಿನ ಕಡೆಗಲ್ಲ.

ಇನ್ನು ಹಗ್ಗ ಸಡಿಲ ಬಿಡುವ ಕೆಲಸ. ಕಾರಿನ ಹೆಡ್‌ಲೈಟಿನಲ್ಲಿ ರಿಫ್ಲೆಕ್ಟರು ಡೂಮಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಸಾಮಾನ್ಯವಾಗಿ ಅದು ಮೂರು ಕಡೆ ನಿಂತಿರುತ್ತದೆ: ಒಂದು ಗುಂಡುತಲೆಯ ಕೀಲು, ಎರಡು ಅಡ್ಜಸ್ಟ್ ಮಾಡುವ ಸ್ಕ್ರೂಗಳು. ಸ್ಕ್ರೂ ತಿರುಗಿಸಿದಾಗಲೂ ಲೆವೆಲಿಂಗ್ ಮೋಟಾರು (ಬೆಳಕನ್ನು ಮೇಲೆ ಕೆಳಗೆ ಮಾಡುವುದು) ಓಡಿದಾಗಲೂ ಅದು ಬಲ್ಬಿನ ಸಮೇತ ವಾಲುತ್ತದೆ. ಬಲ್ಬಿಗೆ ಹೋಗುವ ವೈರು ಗಿಡ್ಡವಾದರೆ ಅದು ರಿಫ್ಲೆಕ್ಟರನ್ನೇ ಹಿಡಿದೆಳೆಯುತ್ತದೆ. ಉದ್ದವಾಗಿ, ದಪ್ಪ ಸುರುಳಿಯಾಗಿ ತುರುಕಿದರೆ ಹಿಂದಿನಿಂದ ನೂಕುತ್ತದೆ. ಎರಡರಲ್ಲೂ ಬೆಳಕು ಬೀಳಬೇಕಾದ ಜಾಗದಲ್ಲಿ ಬೀಳುವುದಿಲ್ಲ. ಎದುರು ಬರುವವರ ಕಣ್ಣಿಗೆ ಹೊಡೆಯುವ ಲೈಟುಗಳಲ್ಲಿ ಕೆಲವಕ್ಕೆ ಕಾರಣ ಇಷ್ಟೇ, ಅಡ್ಜಸ್ಟ್‌ಮೆಂಟು ಎಷ್ಟು ಸಲ ಮಾಡಿದರೂ ನಿಲ್ಲುವುದಿಲ್ಲ.

ಇದನ್ನು ಪತ್ತೆ ಮಾಡಲು ನಾನು ಮಾಡುವುದು ಹೀಗೆ. ಗಾಡಿಯನ್ನು ಸಮತಟ್ಟು ನೆಲದಲ್ಲಿ ಗೋಡೆಗೆ ಎದುರಾಗಿ ನಿಲ್ಲಿಸಿ, ಹಿಂದಿನ ಮುಚ್ಚಳ ತೆಗೆದಿರುವಾಗಲೇ ಡಿಪ್ ಹಾಕಿ, ಬೆಳಕಿನ ಮೇಲಂಚು ಎಲ್ಲಿ ನಿಂತಿದೆ ಎಂದು ಗೋಡೆಯ ಮೇಲೆ ಟೇಪಿನಿಂದ ಗುರುತು ಹಾಕುತ್ತೇನೆ. ಆಮೇಲೆ ಮುಚ್ಚಳ ಹಾಕಿ ಮತ್ತೆ ನೋಡುತ್ತೇನೆ. ಅಂಚು ಒಂದಿಷ್ಟಾದರೂ ಸರಿದಿದ್ದರೆ ಮುಚ್ಚಳ ವೈರನ್ನು, ವೈರು ಬಲ್ಬನ್ನು, ಬಲ್ಬು ರಿಫ್ಲೆಕ್ಟರನ್ನು ಒತ್ತುತ್ತಿದೆ ಎಂದರ್ಥ. ಲೆವೆಲಿಂಗ್ ಇರುವ ಗಾಡಿಯಾದರೆ ಮುಚ್ಚಳ ತೆಗೆದಿರುವಾಗ ಸ್ವಿಚ್ಚನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಟಾರ್ಚು ಹಿಡಿದು ವೈರನ್ನೇ ನೋಡುತ್ತಿರುತ್ತೇನೆ. ಎರಡು ತುದಿಯಲ್ಲೂ ವೈರು ಸೆಟೆಯಬಾರದು, ಯಾವುದಕ್ಕೂ ಸಿಕ್ಕಿಹಾಕಿಕೊಳ್ಳಬಾರದು. ಅಷ್ಟು ಸಡಿಲ ಸಾಕು, ಅದಕ್ಕಿಂತ ಹೆಚ್ಚು ಬೇಡ.

ಬೈಕಿನ ಗುಂಡು ಹೆಡ್‌ಲೈಟಿನ ಕಥೆ ಬೇರೆ. ಅಲ್ಲಿ ಡೂಮು ಎಂದರೆ ವೈರುಗಳ ಗೋದಾಮು. ಹ್ಯಾಂಡಲ್ ಸ್ವಿಚ್ಚು, ಇಂಡಿಕೇಟರು, ಮೀಟರು, ಹಾರನ್, ಎಲ್ಲದರ ಕಪ್ಲರುಗಳೂ ಅದರೊಳಗೇ ತುಂಬಿರುತ್ತವೆ. ಮೇಲಾಗಿ ಡೂಮೇ ಹ್ಯಾಂಡಲ್ ಜೊತೆ ಎಡಕ್ಕೂ ಬಲಕ್ಕೂ ತಿರುಗುತ್ತದೆ, ಹಾರ್ನೆಸ್ಸು (ಗಾಡಿಯ ವೈರುಗಳ ಕಟ್ಟು) ಮಾತ್ರ ಫ್ರೇಮಿಗೆ ಕಟ್ಟಿಕೊಂಡಿರುತ್ತದೆ. ಆ ತಿರುಗಾಟವನ್ನೆಲ್ಲ ನುಂಗಿಕೊಳ್ಳುವ ಸಡಿಲ ಡೂಮಿನ ಹೊರಗೆ, ಸ್ಟೀರಿಂಗ್ ಕತ್ತಿನ ಪಕ್ಕದಲ್ಲಿ ಇರಬೇಕು. ಒಳಗೆ ಇಟ್ಟರೆ ಪ್ರತಿ ತಿರುವಿಗೂ ಇಡೀ ಕಟ್ಟು ತೂತಿನ ಅಂಚಿನ ಮೇಲೆ ಒಳಗೆ ಹೊರಗೆ ಗರಗಸವಾಡುತ್ತದೆ. ಆದ್ದರಿಂದ ಹ್ಯಾಂಡಲನ್ನು ಮೊದಲು ಒಂದು ಕಡೆ ಪೂರ್ತಿ, ಆಮೇಲೆ ಇನ್ನೊಂದು ಕಡೆ ಪೂರ್ತಿ ತಿರುಗಿಸಿ, ಎಲ್ಲಿ ವೈರಿಗೆ ಹೆಚ್ಚು ಉದ್ದ ಬೇಕೋ ಅಲ್ಲಿ ಹ್ಯಾಂಡಲ್ ನಿಲ್ಲಿಸಿಕೊಂಡು, ತೂತಿನ ಬಾಯಲ್ಲಿ ಕಟ್ಟನ್ನು ಬಿಗಿಯುತ್ತೇನೆ.

ಒಳಗೆ ಕಪ್ಲರುಗಳನ್ನು ಎಡದವು ಎಡಕ್ಕೆ, ಬಲದವು ಬಲಕ್ಕೆ ಎಂದು ಬೇರೆ ಮಾಡಿ ಗೋಡೆಗೆ ಒರಗಿಸುತ್ತೇನೆ. ನಡುವೆ ಬಲ್ಬಿನ ಹೋಲ್ಡರ್ ಬಂದು ಕೂರುವ ಜಾಗ ಖಾಲಿ ಇರಬೇಕು. ಲೋಹದ ಡೂಮಾದರೆ ಬುಲೆಟ್ ಕನೆಕ್ಟರುಗಳ (ಗುಂಡು ತುದಿಯ ವೈರು ಜೋಡಣೆಗಳ) ಸ್ಲೀವು ಒಂದೊಂದೂ ಸರಿಯಾಗಿ ಎಳೆದಿದೆಯೇ ಎಂದು ನೋಡಲೇಬೇಕು. ಮುಂದಿನ ರಿಂಗು ಯಾವ ಬಲವೂ ಇಲ್ಲದೆ ಕೂರಬೇಕು. ಅಂಗೈಯಿಂದ ಒತ್ತಿ ಹಿಡಿದು ಸ್ಕ್ರೂ ಹಾಕಬೇಕಾಗಿ ಬಂದರೆ ಒಳಗೆ ಯಾವುದೋ ವೈರು ಹಿಚುಕಿಕೊಳ್ಳುತ್ತಿದೆ. ಬಿಚ್ಚಿ ಮತ್ತೆ ಜೋಡಿಸುವುದೇ ದಾರಿ.

ಅಂಟುಗಳ ಬಗ್ಗೆ ನನ್ನ ಅಭಿಪ್ರಾಯ ಖಾರವಾಗಿಯೇ ಇದೆ. ಗ್ಲೂ ಗನ್ನಿನ ಅಂಟು ಡೂಮಿನ ಬಿಸಿಗೆ ಮೆತ್ತಗಾಗಿ ವೈರನ್ನು ಬಿಟ್ಟುಕೊಡುತ್ತದೆ. ಸೂಪರ್ ಗ್ಲೂ ಒಣಗುವಾಗ ಬಿಡುವ ಆವಿ ಲೆನ್ಸಿನ ಒಳಮೈಗೆ ಬಿಳಿ ಮಸುಕಾಗಿ ಕೂರುತ್ತದೆ, ಒರೆಸಲು ಕೈ ಹೋಗುವುದಿಲ್ಲ. ವಿನಿಗರ್ ವಾಸನೆ ಬರುವ ಸಿಲಿಕೋನ್ ಇದೆಯಲ್ಲ, ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಡೂಮಿನಲ್ಲಿ ಅದು ತಾಮ್ರವನ್ನು ಹಸಿರುಗಟ್ಟಿಸುತ್ತದೆ, ರಿಫ್ಲೆಕ್ಟರಿನ ಅಲ್ಯೂಮಿನಿಯಂ ಲೇಪವನ್ನೂ ಕೆಡಿಸುತ್ತದೆ. ಸಿಲಿಕೋನ್ ಹಾಕಲೇಬೇಕಾದರೆ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ತಂದು, ಮುಚ್ಚುವ ಮೊದಲು ಪೂರ್ತಿ ಒಣಗಲು ಬಿಡಬೇಕು. ಬೆನ್ನಿಗೆ ಅಂಟು ಹಚ್ಚಿರುವ ಟೈ ಬೇಸುಗಳೂ (ಟೈ ಪೋಣಿಸುವ ಸಣ್ಣ ಬಿಲ್ಲೆಗಳು) ಎಲ್ಲ ಕಡೆ ನಿಲ್ಲುವುದಿಲ್ಲ. ಡೂಮಿನ ಮೈಮೇಲೆ ಪಿಪಿ ಎಂದು ಅಚ್ಚು ಇದ್ದರೆ ಅದು ಪಾಲಿಪ್ರೊಪಿಲೀನ್. ಸಾಧಾರಣ ಅಂಟು ಅದಕ್ಕೆ ಹಿಡಿಯುವುದೇ ಇಲ್ಲ. ಕಪ್ಪು ಪಿವಿಸಿ ಇನ್ಸುಲೇಶನ್ ಟೇಪೂ ಅಷ್ಟಕ್ಕಷ್ಟೆ. ಬಿಸಿಗೆ ಅದರ ಗೋಂದು ಕರಗಿ ಜಾರಿ, ಕೊನೆಗೆ ಸುತ್ತು ಬಿಚ್ಚಿಕೊಂಡು ನೇತಾಡುತ್ತದೆ. ಕಂಪನಿ ಹಾರ್ನೆಸ್ಸಿನಲ್ಲಿ ಬಟ್ಟೆ ಟೇಪು ಬಳಸುವುದು ಸುಮ್ಮನೆ ಅಲ್ಲ. ಅದು ಬಿಸಿಯನ್ನೂ ತಡೆಯುತ್ತದೆ, ಪ್ಲಾಸ್ಟಿಕ್ಕಿಗೆ ಬಡಿದು ಟಕಟಕ ಸದ್ದು ಬರುವುದನ್ನೂ ನಿಲ್ಲಿಸುತ್ತದೆ.

ವೈರಿಗೆ ಜೋಡಣೆ ಬಿದ್ದಿದ್ದರೆ ಅದೂ ಗಮನದಲ್ಲಿರಬೇಕು. ಸೋಲ್ಡರ್ ಮಾಡಿದಾಗ ಕರಗಿದ ಬೆಸುಗೆ ಲೋಹ ಎಳೆಗಳ ನಡುವೆ ಸ್ವಲ್ಪ ದೂರ ಹೀರಿಕೊಂಡು ಆ ಭಾಗ ಕಡ್ಡಿಯಂತಾಗುತ್ತದೆ. ಗಟ್ಟಿ ಮುಗಿದು ಮೆತ್ತನೆಯದು ಶುರುವಾಗುವ ಗೆರೆಯಲ್ಲೇ ಮುಂದೆ ಮುರಿಯುವುದು. ಅದಕ್ಕೆ ಡೂಮಿನೊಳಗೆ ನಾನು ಕ್ರಿಂಪನ್ನೇ (ಲೋಹದ ತುದಿಯನ್ನು ವೈರಿನ ಮೇಲೆ ಅದುಮಿ ಹಿಡಿಸುವುದನ್ನು) ನಂಬುತ್ತೇನೆ. ಒಂದು ಜೋಡಿ ರೆಕ್ಕೆ ತಾಮ್ರವನ್ನು, ಇನ್ನೊಂದು ಜೋಡಿ ಸಿಪ್ಪೆಯನ್ನು ಹಿಡಿದಿರಬೇಕು. ಸೋಲ್ಡರ್ ಇದ್ದೇ ಇದ್ದರೆ ಅದರ ಎರಡೂ ಬದಿ ಒಂದೇ ಆಸರೆಯ ಮೇಲೆ ಕೂರುವಂತೆ ಕಟ್ಟುತ್ತೇನೆ, ಆ ಗೆರೆ ಬಾಗಬಾರದು.

ಎಲ್‌ಇಡಿ ಬಲ್ಬು ಹಾಕಿದ ಡೂಮುಗಳಲ್ಲಿ ಬಿಸಿಗಿಂತ ತೂಕದ ತಾಪತ್ರಯ ಹೆಚ್ಚು. ಡ್ರೈವರ್ ಡಬ್ಬಿಯನ್ನು (ಎಲ್‌ಇಡಿಗೆ ಕರೆಂಟು ಹೊಂದಿಸುವ ಡಬ್ಬಿ) ವೈರಿನ ತುದಿಯಲ್ಲಿ ಹಾಗೇ ತೂಗಬಿಟ್ಟರೆ ಪ್ರತಿ ಕುಲುಕಾಟವೂ ಕಪ್ಲರಿನ ಮೇಲೆ ಬೀಳುತ್ತದೆ. ಡಬ್ಬಿಯನ್ನು ಮೊದಲು ಕಟ್ಟಿ, ವೈರನ್ನು ಆಮೇಲೆ. ಹಿಂದೆ ಫ್ಯಾನ್ ಇದ್ದರೆ ಅದರ ಬಾಯಿಗೆ ವೈರು ಹೋಗದಂತೆ ತಿರುಗಿಸಬೇಕು. ಎಚ್‌ಐಡಿ (ಅನಿಲದಲ್ಲಿ ಕಿಡಿ ಹೊತ್ತಿಸಿ ಉರಿಯುವ ಬಲ್ಬು) ಇದ್ದರೆ ಹೊತ್ತಿಕೊಳ್ಳುವ ಕ್ಷಣದಲ್ಲಿ ಸುಮಾರು 20,000 ವೋಲ್ಟಿನ ಹೊಡೆತ ಇರುತ್ತದೆ. ಲೈಟು ಆರಿಸಿ ಬ್ಯಾಟರಿ ಕಳಚದೆ ಅದನ್ನು ಮುಟ್ಟಬಾರದು, ಅದರ ವೈರನ್ನು ಉಳಿದ ಕಟ್ಟಿನ ಜೊತೆ ಸೇರಿಸಿ ಕಟ್ಟಲೂಬಾರದು.

ಹಿಂದಿನ ಲೈಟಿನಲ್ಲಿ ವೈರು ಕಡಿಮೆ, ನೀರು ಹೆಚ್ಚು. ಅಲ್ಲಿ ವೈರು ತೂತನ್ನು ಹೊಗುವ ಮುನ್ನ ಕೆಳಕ್ಕೆ ಇಳಿದು ಮತ್ತೆ ಏರುವಂತೆ ಬಾಗಿಸಿ ಕಟ್ಟುತ್ತೇನೆ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಬ್ರೇಕ್ ಒತ್ತಿದಾಗ ಇಂಡಿಕೇಟರು ಮಂಕಾಗಿ ಹತ್ತಿಕೊಂಡರೆ ಅರ್ತ್ ವೈರು ಸಡಿಲವಾಗಿದೆಯೇ ಎಂದು ಮೊದಲು ನೋಡಬೇಕು.

ಎಲ್ಲ ಮುಗಿದ ಮೇಲೆ, ಮುಚ್ಚುವ ಮುನ್ನ ಡೂಮಿನ ಉಸಿರುತೂತನ್ನು ಒಮ್ಮೆ ನೋಡುತ್ತೇನೆ. ವೈರಿನ ಕಟ್ಟು ಅದರ ಮೇಲೆ ಕೂತರೆ ಒಳಗಿನ ತೇವ ಹೊರಹೋಗದೆ ಲೆನ್ಸು ಮಂಜುಗಟ್ಟುತ್ತದೆ. ಕೆಲವು ವಾರ ಗಾಡಿ ಓಡಿದ ಮೇಲೆ ಸಾಧ್ಯವಾದರೆ ಮುಚ್ಚಳ ಮತ್ತೊಮ್ಮೆ ತೆಗೆಸುತ್ತೇನೆ. ಸಿಪ್ಪೆಯ ಮೇಲೆ ಎಲ್ಲಾದರೂ ಹೊಳಪಿನ ಪಟ್ಟೆ ಕಂಡರೆ ವೈರು ಅಲ್ಲಿ ಉಜ್ಜುತ್ತಿದೆ. ಅಷ್ಟು ಜಾಗಕ್ಕೆ ಬಟ್ಟೆ ಟೇಪು ಸುತ್ತಿ, ಹತ್ತಿರದ ಟೈಯನ್ನು ಕತ್ತರಿಸಿ, ಒಂದಿಂಚು ಆಚೆ ಹೊಸದು ಹಾಕುತ್ತೇನೆ.