ಎಡಗಿವಿಗೆ ಚಿಕ್ಕ ರಬ್ಬರ್, ಬಲಗಿವಿಗೆ ಮಧ್ಯಮ

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಹೊರಗಿನವರಿಗೆ ರೈಟರ್ ಅಂದ ಕೂಡಲೇ ಕತೆ ಬರೆಯುವವ ಅನ್ನಿಸುತ್ತದೆ. ನಾನು ಬರೆಯುವುದು ಚೆಕ್‌ರೋಲ್. ಇವತ್ತು ಯಾರು ಕೆಲಸಕ್ಕೆ ಬಂದರು, ಎಷ್ಟು ಕಿಲೋ ಹಣ್ಣು ಕೊಯ್ದರು, ಯಾರು ಮುಂಗಡ ತಗೊಂಡರು, ಇಷ್ಟೇ. ರಾತ್ರಿ ಲೆಕ್ಕ ಮುಗಿಸಿ ಒಂದು ಗಂಟೆ ಹಾಡು ಕೇಳುವುದು ನನ್ನ ಚಟ. ಆ ಒಂದು ಗಂಟೆಗಾಗಿ ಎರಡು ವರ್ಷದಲ್ಲಿ ನಾಲ್ಕು ಇಯರ್‌ಫೋನ್ ಕೊಂಡೆ. ನಾಲ್ಕೂ ಸರಿಬರಲಿಲ್ಲ. ಐದನೆಯದು ಸರಿಹೋಯಿತು. ಅದಕ್ಕೆ ಕಾರಣ ಐದನೆಯ ಇಯರ್‌ಫೋನ್ ಅಷ್ಟೇ ಅಲ್ಲ.

ಮೊದಲನೆಯದು ಪೇಟೆಯ ಅಂಗಡಿಯಲ್ಲಿ ತಗೊಂಡಿದ್ದು. ಡಬ್ಬದ ಮೇಲೆ ದೊಡ್ಡದಾಗಿ 'ಎಕ್ಸ್‌ಟ್ರಾ ಬೇಸ್' ಅಂತ ಇತ್ತು. ಬೇಸ್ ಅಂದರೆ ತಳದ ದಪ್ಪ ಸ್ವರ. ಮನೆಗೆ ಬಂದು ಪಿ.ಬಿ. ಶ್ರೀನಿವಾಸ್ ಹಾಕಿದರೆ, ಪಾಪ, ಅವರು ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿತ್ತು. ಎರಡನೆಯದು ಅದರ ಉಲ್ಟಾ. ಎಸ್. ಜಾನಕಿ ಸ್ವರ ಮೇಲೇರಿಸಿದರೆ ಕಿವಿಗೆ ಸೂಜಿ ಚುಚ್ಚಿದ ಹಾಗೆ. 'ಸ', 'ಶ' ಬಂದಲ್ಲೆಲ್ಲ ಸೀಟಿ. ಮೂರನೆಯದು ವೈರ್ ಇಲ್ಲದ್ದು. ಜುಲೈನಲ್ಲಿ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಮೂರು ದಿನ ಬರುವುದಿಲ್ಲ. ಇರುವ ಚಾರ್ಜನ್ನು ಫೋನಿಗೆ ಉಳಿಸಬೇಕೋ, ಇಯರ್‌ಫೋನ್ ಡಬ್ಬಿಗೆ ಹಾಕಬೇಕೋ? ಎರಡನೇ ಮಳೆಗಾಲದಲ್ಲಿ ಅದರ ಒಂದು ಕಿವಿ ಸತ್ತೇ ಹೋಯಿತು. ನಾಲ್ಕನೆಯದು ಮತ್ತೆ ವೈರಿನದು. ಅದರಲ್ಲಿ ಬೇಸೇ ಇರಲಿಲ್ಲ. ಹಾಗಂತ ನಾನು ತಿಳಿದಿದ್ದೆ.

ಹುತ್ತರಿ ಹಬ್ಬದ ರಜೆಗೆ ಅಕ್ಕನ ಮಗ ಬಂದಿದ್ದ. ಪೊನ್ನಂಪೇಟೆಯಲ್ಲಿ ಓದುತ್ತಿದ್ದಾನೆ. ನನ್ನ ಮೇಜಿನ ಡ್ರಾಯರ್‌ನಲ್ಲಿ ನಾಲ್ಕು ಇಯರ್‌ಫೋನ್ ನೋಡಿ ನಕ್ಕ.

"ಮಾವ, ನಿಮಗೆ ಎಂಥ ಸೌಂಡ್ ಬೇಕು?"

"ಚೆನ್ನಾಗಿರುವ ಸೌಂಡ್."

"ಅಂಗಡಿಯವನಿಗೂ ಹೀಗೇ ಹೇಳಿದ್ರಾ?"

ಹಾಗೇ ಹೇಳಿದ್ದೆ. ಅವನು ಹೇಳಿದ್ದು ಇಷ್ಟು. ಚಪ್ಪಲಿ ಕೊಳ್ಳುವಾಗ ಅಳತೆ ಗೊತ್ತಿರಬೇಕಲ್ವಾ, ಹಾಗೆ ನಿಮ್ಮ ಕಿವಿಯ ರುಚಿ ಏನು ಅಂತ ಮೊದಲು ನಿಮಗೇ ಗೊತ್ತಾಗಲಿ. ಅದಕ್ಕೆ ಹೊಸದೇನೂ ಕೊಳ್ಳಬೇಕಿಲ್ಲ, ಫೋನಿನಲ್ಲಿರುವ ಈಕ್ವಲೈಸರ್, ಅಂದರೆ ದಪ್ಪ, ಚೂಪು ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್, ಸಾಕು.

ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಅದಕ್ಕೆ ಐದು ಗೀಟು ಇದ್ದವು. 60 ಹರ್ಟ್ಸ್ (ಸ್ವರದ ಎತ್ತರದ ಅಳತೆ), 230, 910, 3,600, 14,000. ಮೊದಲನೆಯದು ಡೋಲಿನ ಗುಮ್ಮು. 230ರ ಸುತ್ತ ಗಂಡಸರ ದನಿಯ ಮೈ ಇರುತ್ತದೆ. 3,600 ಅಂದರೆ ದನಿಯ ಚೂಪು, ನಮ್ಮ ಕಿವಿ ತುಂಬಾ ಸೂಕ್ಷ್ಮವಾಗಿರುವ ಜಾಗ. ಕೊನೆಯದು ತಾಳ, ಗೆಜ್ಜೆಯ ಮಿಂಚು. ನಾನು ಎರಡನೇ ಮತ್ತು ನಾಲ್ಕನೇ ಇಯರ್‌ಫೋನ್ ತಗೊಂಡು ಒಂದು ವಾರ ಕೂತೆ. ಒಂದು ರಾತ್ರಿಗೆ ಒಂದೇ ಗೀಟು. ಎರಡು ಮೂರು ಡೆಸಿಬಲ್ (ಸದ್ದಿನ ಜೋರಿನ ಅಳತೆ) ಏರಿಸುವುದು, ಇಳಿಸುವುದು, ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುವುದು.

ಇದರಲ್ಲಿ ಒಂದು ಮೋಸ ಇದೆ. ಯಾವ ಗೀಟು ಏರಿಸಿದರೂ ಒಟ್ಟು ಸದ್ದು ಒಂಚೂರು ಜಾಸ್ತಿಯಾಗುತ್ತದೆ. ಸದ್ದು ಜಾಸ್ತಿಯಾದದ್ದೆಲ್ಲ ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಮೊದಲ ಎರಡು ರಾತ್ರಿ ಏರಿಸಿದ್ದೆಲ್ಲ ಇಷ್ಟವಾಗಿ, ಎರಡೂ ಗೀಟು ಮೇಲಕ್ಕೆ ಹೋಗಿ ಕೂತಿದ್ದವು. ಆಮೇಲೆ ಪ್ರತಿ ಸಲ ವಾಲ್ಯೂಮ್ ಇಳಿಸಿ ಸಮ ಮಾಡಿಕೊಂಡು ಕೇಳಿದೆ. ಆಗ ಹಾಳೆಯಲ್ಲಿ ಅರ್ಥವಿರುವ ಮಾತು ಬರತೊಡಗಿತು. 60 ಮೂರು ಡೆಸಿಬಲ್ ಏರಿದರೆ ಖುಷಿ. 230 ಎರಡು ಏರಿದರೂ ಕಂಬಳಿ, ಎರಡು ಇಳಿಸಿದರೆ ಶ್ರೀನಿವಾಸ್ ದನಿ ಬಡಕಲು. ಅದನ್ನು ಮುಟ್ಟಬಾರದು. 910 ಕೂಡ ಹಾಗೇ. 3,600 ಎರಡು ಇಳಿಸಿದರೆ ಜಾನಕಿ ಆರಾಮಾಗಿ ಹಾಡುತ್ತಾರೆ. ಎರಡನೇ ಇಯರ್‌ಫೋನಿನಲ್ಲಿ ಮಾತ್ರ ಅದನ್ನು ಐದು ಇಳಿಸಬೇಕಾಯಿತು. ಅಂದರೆ ಅದು ಹುಟ್ಟಾ ಚೂಪು.

14,000 ಏರಿಸಿದರೂ ಇಳಿಸಿದರೂ ನನಗೆ ಒಂದೇ. ಗೀಟು ಕೆಲಸ ಮಾಡುತ್ತಿಲ್ಲ ಅಂದುಕೊಂಡೆ. ಅಕ್ಕನ ಮಗ ತನ್ನ ಫೋನಿನಲ್ಲಿ ಒಂದೊಂದೇ ಸ್ವರ ಏರಿಸುತ್ತಾ ಹೋಗುವ ಆ್ಯಪ್ ಹಾಕಿದ. ನನ್ನ ಕಿವಿ 13,000ದ ಹತ್ತಿರ ನಿಂತಿತು. ಅವನಿಗೆ 16,000 ದಾಟಿಯೂ ಕೇಳುತ್ತಿತ್ತು. ನನಗೆ ನಲವತ್ತಾರು. ವಯಸ್ಸಾದ ಹಾಗೆ ಮೇಲಿನ ಸ್ವರಗಳು ಒಂದೊಂದಾಗಿ ಹೋಗುತ್ತವೆ, ಎಲ್ಲರಿಗೂ ಹಾಗೇ. ಮನಸ್ಸಿಗೆ ಸ್ವಲ್ಪ ಚುರ್ ಅಂದದ್ದು ನಿಜ. ಆದರೆ ಲಾಭವೂ ಆಯಿತು. ಟ್ರೆಬಲ್, ಅಂದರೆ ಮೇಲಿನ ಸ್ವರ, ಆಕಾಶದವರೆಗೆ ಹೋಗುತ್ತದೆ ಅಂತ ಹೊಗಳಿ ದುಬಾರಿ ಬೆಲೆ ಹೇಳುವ ಇಯರ್‌ಫೋನ್‌ಗಳನ್ನು ಅವತ್ತೇ ಪಟ್ಟಿಯಿಂದ ತೆಗೆದೆ. ಕೇಳಿಸದ್ದಕ್ಕೆ ಯಾಕೆ ದುಡ್ಡು?

ಈಗ ನಾಲ್ಕನೆಯದರ ವಿಷಯ. 60ನ್ನು ಎಷ್ಟು ಏರಿಸಿದರೂ ಅದರಲ್ಲಿ ಗುಮ್ಮು ಬರುತ್ತಿರಲಿಲ್ಲ, ಎಡಗಿವಿಯಲ್ಲಂತೂ ಇಲ್ಲವೇ ಇಲ್ಲ. ಅಕ್ಕನ ಮಗ 50 ಹರ್ಟ್ಸಿನ ಸ್ವರ ಹಾಕಿ, "ಈಗ ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ" ಅಂದ. ಒತ್ತಿದ ಕೂಡಲೇ ಗುಂ ಅಂತು. ಬಿಟ್ಟೆ, ಹೋಯಿತು. ಮತ್ತೆ ಒತ್ತಿದೆ, ಬಂತು. ಇಯರ್‌ಫೋನಿನ ತಪ್ಪು ಏನೂ ಇರಲಿಲ್ಲ. ಅದರ ತುದಿಯ ರಬ್ಬರ್ ಕಿವಿಯನ್ನು ಪೂರ್ತಿ ಮುಚ್ಚದಿದ್ದರೆ ಬೇಸ್ ಆ ಸಂದಿಯಿಂದಲೇ ಸೋರಿಹೋಗುತ್ತದೆ. ಬೇರೆ ಸ್ವರಗಳು ಹೇಗೋ ಉಳಿಯುತ್ತವೆ, ಬೇಸ್ ಉಳಿಯುವುದಿಲ್ಲ.

ನನ್ನ ಎಡಗಿವಿಯ ತೂತು ಬಲಗಿವಿಗಿಂತ ಚಿಕ್ಕದು. ನಲವತ್ತಾರು ವರ್ಷ ಇದು ಗೊತ್ತೇ ಇರಲಿಲ್ಲ. ಡಬ್ಬದಲ್ಲಿ ಹಾಕಿಬಂದ ಮಧ್ಯಮ ಅಳತೆಯ ರಬ್ಬರನ್ನೇ ಎರಡೂ ಕಡೆ ಬಳಸುತ್ತಿದ್ದೆ. ಎಡಗಡೆ ಅದು ಒಳಗೆ ಹೋಗದೆ ಬಾಯಲ್ಲೇ ಮಡಚಿಕೊಂಡು ನಿಲ್ಲುತ್ತಿತ್ತು. ಡಬ್ಬದ ಮೂಲೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಚಿಕ್ಕದು ಸುಮ್ನೆ ಬಿದ್ದಿತ್ತು. ಅದನ್ನು ಎಡಕ್ಕೆ ಹಾಕಿದೆ. ಕಿವಿಯ ಮೇಲಂಚನ್ನು ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆದುಕೊಂಡು ತುರುಕಿದರೆ ಸರಿಯಾಗಿ ಕೂರುತ್ತದೆ. ಆ ರಾತ್ರಿ ನಾಲ್ಕನೇ ಇಯರ್‌ಫೋನ್ ಬೇರೆಯದೇ ಆಗಿತ್ತು. ಬಹುಶಃ ಅದನ್ನೇ ಇಟ್ಟುಕೊಳ್ಳುತ್ತಿದ್ದೆನೋ ಏನೋ. ಆದರೆ ಒಂದು ತಿಂಗಳೊಳಗೆ ಪಿನ್ ಹತ್ತಿರ ವೈರ್ ಒಳಗೇ ತುಂಡಾಯಿತು. ಅದರ ವೈರ್ ಬಿಚ್ಚಿ ಹಾಕುವಂಥದ್ದಲ್ಲ. ಎಸೆಯಬೇಕಾಯಿತು.

ಪರೀಕ್ಷೆಗೆ ನಾನು ಇಟ್ಟುಕೊಂಡಿದ್ದ ಇನ್ನೊಂದು ಸದ್ದು ವಾಲಗ. ಕೊಡಗಿನ ಮದುವೆಯಲ್ಲಿ ವಾಲಗ ಶುರುವಾದರೆ ಕೂತವರ ಕಾಲು ಸುಮ್ಮನಿರುವುದಿಲ್ಲ. ಡೋಲಿನ ಪೆಟ್ಟು ಎದೆಗೇ ಬೀಳುತ್ತದೆ. ತಂಗಿಯ ಮದುವೆಯಲ್ಲಿ ನಾನೇ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಪ್ರತಿ ಇಯರ್‌ಫೋನಿಗೂ ಅದನ್ನೇ ಹಾಕಿ, 'ಎದೆಗೆ ಬೀಳ್ತಾ ಇಲ್ಲ, ಇದು ಬೇಡ' ಅನ್ನುತ್ತಿದ್ದೆ. ಆಮೇಲೆ ತಿಳಿಯಿತು, ಆ ಪೆಟ್ಟು ನನ್ನ ರೆಕಾರ್ಡಿಂಗಿನಲ್ಲಿ ಇರಲೇ ಇಲ್ಲ. ಫೋನಿನ ಚಿಕ್ಕ ಮೈಕಿಗೆ ಅಷ್ಟು ಹತ್ತಿರದಿಂದ ಡೋಲು ಬಡಿದರೆ ಅದು ತಾನಾಗಿಯೇ ಸದ್ದನ್ನು ಅದುಮಿಬಿಡುತ್ತದೆ. ಕೊಂಬಿನ ಸದ್ದಂತೂ ಒಡೆದು ಗರ ಗರ. ಇಲ್ಲದ್ದನ್ನು ಹುಡುಕಿ ಮೂರು ಇಯರ್‌ಫೋನಿಗೆ ಬೈದಿದ್ದೆ! ಈಗ ಪರೀಕ್ಷೆಗೆ ಸ್ಟುಡಿಯೋದಲ್ಲಿ ಚೆನ್ನಾಗಿ ರೆಕಾರ್ಡ್ ಆದದ್ದನ್ನೇ ಹಾಕುತ್ತೇನೆ. ತಂಗಿಯ ಮದುವೆಯದು ನೆನಪಿಗೆ ಮಾತ್ರ.

ಹೊಸದನ್ನು ಕೊಳ್ಳುವ ಹೊತ್ತಿಗೆ ನನ್ನ ಹಾಳೆ ಸಿದ್ಧವಾಗಿತ್ತು. ವೈರ್ ಇರಬೇಕು, ವೈರ್ ಬಿಚ್ಚಿ ಬದಲಿಸುವ ಹಾಗಿರಬೇಕು. ಎರಡು ಸಾವಿರ ದಾಟಬಾರದು. ತಳದ ಬೇಸ್ ಸ್ವಲ್ಪ ಎದ್ದಿರಬೇಕು, ಆದರೆ ಅದು ದನಿಯ ಮೇಲೆ ಚೆಲ್ಲಬಾರದು. 3,000–4,000ದ ಹತ್ತಿರ ಚುಚ್ಚಬಾರದು. ವೈರ್ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ರೇಡಿಯೋ. ಬೆಳಗ್ಗೆ ನನಗೆ ಮಡಿಕೇರಿ ಆಕಾಶವಾಣಿ, 103.1, ಬೇಕೇ ಬೇಕು. ಫೋನಿನ ಎಫ್ಎಂಗೆ ಇಯರ್‌ಫೋನಿನ ವೈರೇ ಆಂಟೆನಾ.

ಇಲ್ಲಿ ಹತ್ತಿರದಲ್ಲಿ ನಾಲ್ಕು ಬಗೆ ಕಿವಿಗೆ ಹಾಕಿ ನೋಡಿ ಕೊಳ್ಳುವ ಅಂಗಡಿ ಇಲ್ಲ. ಇಯರ್‌ಫೋನಿನ ಸದ್ದು ಅಳೆದು ಬರೆದ ಗ್ರಾಫ್ ನೋಡಿಯೇ ಆರಿಸಬೇಕು. ಮಳೆ ಲೆಕ್ಕದ ಗ್ರಾಫ್ ಓದುವ ತೋಟದವರಿಗೆ ಇದೇನು ಕಷ್ಟವಲ್ಲ. ಎಡಗಡೆ ಬೇಸ್, ಬಲಗಡೆ ಟ್ರೆಬಲ್, ಗೆರೆ ಎತ್ತರಕ್ಕೆ ಹೋದಲ್ಲಿ ಆ ಸ್ವರ ಜೋರು. 3,000ದ ಹತ್ತಿರ ಹೆಚ್ಚುಕಡಿಮೆ ಎಲ್ಲ ಇಯರ್‌ಫೋನಿಗೂ ಒಂದು ಗುಡ್ಡ ಇರುತ್ತದೆ. ಮೊದಲು ಅದನ್ನು ನೋಡಿ ಹೆದರಿದ್ದೆ. ಆದರೆ ಆ ಗುಡ್ಡ ಬೇಕು. ನಮ್ಮ ಕಿವಿಯ ನಾಳ ತಾನೇ ಆ ಭಾಗವನ್ನು ಹಿಗ್ಗಿಸುತ್ತದೆ, ಇಯರ್‌ಫೋನ್ ನಾಳವನ್ನು ಮುಚ್ಚಿದಾಗ ಆ ಹಿಗ್ಗು ಹೋಗುತ್ತದೆ, ಅದನ್ನು ಇಯರ್‌ಫೋನೇ ತುಂಬಿಕೊಡಬೇಕು. ನೋಡಬೇಕಾದದ್ದು ಗುಡ್ಡ ಎಷ್ಟು ಎತ್ತರ ಅನ್ನುವುದು. 8,000ದ ಹತ್ತಿರ ಕಾಣುವ ಮೊಳೆಯಂಥ ಚೂಪನ್ನು ಮಾತ್ರ ಪೂರ್ತಿ ನಂಬಬೇಡಿ. ಅಳೆಯುವ ಯಂತ್ರದ ಕೊಳವೆಯಿಂದಲೂ ಅದು ಬರುತ್ತದೆ. ಇಯರ್‌ಫೋನನ್ನು ಎಷ್ಟು ಒಳಗೆ ತುರುಕುತ್ತೀರಿ ಅನ್ನುವುದರ ಮೇಲೆ ಅದರ ಜಾಗವೂ ಬದಲಾಗುತ್ತದೆ.

ಕೊನೆಗೆ ಮೂರು ಉಳಿದವು. ಮೂನ್‌ಡ್ರಾಪ್ ಚು 2, ಟ್ಯಾಂಗ್‌ಝು ವಾನರ್, ಸೆವೆನ್‌ಹರ್ಟ್ಸ್ ಝೀರೋ 2. ಮೂರರಲ್ಲೂ ಒಂದೊಂದೇ ಡ್ರೈವರ್, ಅಂದರೆ ಒಳಗಿನ ಪುಟ್ಟ ಸ್ಪೀಕರ್, 10 ಮಿಲಿಮೀಟರಿನದು. ಮೂರಕ್ಕೂ ವೈರ್ ಬಿಚ್ಚಬಹುದು, 0.78 ಮಿಲಿಮೀಟರಿನ ಎರಡು ಪಿನ್. ಇದೇ ಬೆಲೆಗೆ ಐದು ಡ್ರೈವರ್ ಇರುವುದೂ ಸಿಗುತ್ತಿತ್ತು. ಡ್ರೈವರ್ ಜಾಸ್ತಿಯಾದರೆ ಸೌಂಡ್ ಚೆನ್ನ ಅಂತೇನಿಲ್ಲ. ಹತ್ತು ಜನ ಅಡುಗೆಯವರು ಸೇರಿದರೆ ಪಂದಿ ಕರಿ ಹತ್ತು ಪಟ್ಟು ರುಚಿಯಾಗುತ್ತದಾ? ಚು 2 ಸ್ವಚ್ಛ ಅನ್ನಿಸಿತು, ದನಿ ಮುಂದಿರಬೇಕು ಅನ್ನುವವರಿಗೆ ಅದು ಚೆನ್ನ. ವಾನರ್ ಮೆತ್ತಗೆ, ತುಂಬು ದನಿ. ಝೀರೋ 2ರಲ್ಲಿ ತಳದ ಬೇಸ್ ಎದ್ದಿತ್ತು, ಮೇಲೆ ನಯ. ನನ್ನ ಚೆಕ್‌ರೋಲ್ ಹಾಳೆಗೆ ಹತ್ತಿರ ಬಂದದ್ದು ಅದೇ. ತರಿಸಿದೆ. ತೋಟದವರೆಗೆ ಕೊರಿಯರ್ ಬರುವುದಿಲ್ಲ, ಸಿದ್ದಾಪುರದಲ್ಲಿ ಪರಿಚಯದ ಅಂಗಡಿಯ ವಿಳಾಸ ಕೊಟ್ಟಿದ್ದೆ.

ಮೊದಲ ರಾತ್ರಿ ಈಕ್ವಲೈಸರ್ ಮುಟ್ಟಲೇ ಇಲ್ಲ. ಎಡಕ್ಕೆ ಚಿಕ್ಕ ರಬ್ಬರ್, ಬಲಕ್ಕೆ ಮಧ್ಯಮ. ಶ್ರೀನಿವಾಸ್ ಕಂಬಳಿ ತೆಗೆದು ಎದುರಿಗೆ ಕೂತರು. ನಾನು ರಾತ್ರಿ ಸದ್ದು ತೀರಾ ಕಡಿಮೆ ಇಟ್ಟು ಕೇಳುವವ. ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ, ಇದನ್ನು 1933ರಲ್ಲೇ ಫ್ಲೆಚರ್, ಮನ್ಸನ್ ಅನ್ನುವವರು ಅಳೆದು ತೋರಿಸಿದ್ದಾರೆ. ನನಗೆ ಬೇಸ್ ಒಂದು ಹಿಡಿ ಜಾಸ್ತಿ ಬೇಕು ಅನ್ನಿಸಲು ಇದೂ ಕಾರಣ ಇರಬೇಕು. ಜೋರಾಗಿ ಕೇಳುವವರಿಗೆ ಇದೇ ಇಯರ್‌ಫೋನಿನ ಬೇಸ್ ಅತಿಯಾಗಬಹುದು.

ಮಳೆಗಾಲದಲ್ಲಿ ಇದರ ನಿಜವಾದ ಬೆಲೆ ಗೊತ್ತಾಯಿತು. ನಮ್ಮ ಕ್ವಾರ್ಟರ್ಸಿಗೆ ಶೀಟಿನ ಮಾಡು. ಜುಲೈ ಮಳೆ ಹೊಡೆದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಮೊದಲು ಮಳೆಯ ಮೇಲೆ ಪೈಪೋಟಿಗೆ ಬಿದ್ದವನ ಹಾಗೆ ವಾಲ್ಯೂಮ್ ಏರಿಸುತ್ತಿದ್ದೆ. ಈಗ ರಬ್ಬರ್ ಸರಿಯಾಗಿ ಕೂತರೆ ಮಳೆ ಅರ್ಧಕ್ಕರ್ಧ ಹೊರಗೇ ಉಳಿಯುತ್ತದೆ, ಕಡಿಮೆ ಸದ್ದು ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ, 90ಕ್ಕೆ ಏರಿದರೆ ಬರೀ 4 ಗಂಟೆ. ಉಳಿದಿರುವ 13,000ವನ್ನಾದರೂ ಕಾಪಾಡಿಕೊಳ್ಳಬೇಕಲ್ಲ.

ಸ್ಪಂಜಿನ ರಬ್ಬರ್ ಮಳೆಯನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ ಅಂತ ಒಂದು ಜೊತೆ ತರಿಸಿದ್ದೆ. ತಡೆಯಿತು, ಸುಳ್ಳಲ್ಲ. ಆಗಸ್ಟಿನಲ್ಲಿ ನೋಡಿದರೆ ಅದಕ್ಕೆ ಬೂಷ್ಟು! ನಮ್ಮಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕ ಯಾವುದನ್ನೂ ಬಿಡದ ಬೂಷ್ಟು ಸ್ಪಂಜನ್ನು ಬಿಡುತ್ತದಾ? ಮತ್ತೆ ಸಿಲಿಕಾನ್ ರಬ್ಬರಿಗೇ ಬಂದೆ. ವಾರಕ್ಕೊಮ್ಮೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕುತ್ತೇನೆ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡು ಸ್ಟೀಲ್ ಡಬ್ಬಿಗೆ ಹಾಕಿ, ಇಯರ್‌ಫೋನ್ ಅದರೊಳಗೆ. ಸ್ನಾನ ಮಾಡಿ ಕಿವಿ ಒದ್ದೆ ಇರುವಾಗ ಹಾಕುವುದಿಲ್ಲ. ಒಂದು ಸಲ ಕಿವಿ ತುರಿಕೆ ಬಂದು ಡಾಕ್ಟರ ಹತ್ತಿರ ಬೈಸಿಕೊಂಡಿದ್ದೇನೆ.

ತೋಟದಲ್ಲಿ ಓಡಾಡುವಾಗಲಂತೂ ಹಾಕುವುದೇ ಇಲ್ಲ. ಇದು ನನ್ನ ಹೆಂಡತಿಯ ಕಟ್ಟಪ್ಪಣೆ. ಹಲಸು ಹಣ್ಣಾಗುವ ಕಾಲದಲ್ಲಿ ನಮ್ಮ ಕಡೆ ಆನೆ ಯಾವ ಹೊತ್ತಿಗೆ ಯಾವ ಬ್ಲಾಕಿನಲ್ಲಿ ನಿಂತಿರುತ್ತದೆ ಅಂತ ಹೇಳಲಾಗದು. ಕೊಂಬೆ ಮುರಿಯುವ ಸದ್ದು, ಆಚೆ ಲೈನ್ ಮನೆಗಳ ಕಾರ್ಮಿಕರ ಕೂಗು, ನಾಯಿ ಬೊಗಳುವುದು, ಇವೇ ನಮಗೆ ಮುನ್ಸೂಚನೆ. ಕಿವಿ ಮುಚ್ಚುವ ಇಯರ್‌ಫೋನ್ ಮೊದಲು ನುಂಗುವುದೇ ಇವನ್ನು. ಮಳೆ ತಡೆಯುವ ಗುಣ ಇಲ್ಲಿ ಶಾಪ. ಬೆಳಗ್ಗೆ ರೇಡಿಯೋ ಕೇಳುವುದೂ ಜಗಲಿಯಲ್ಲಿ ಕೂತೇ.

ಡ್ರಾಯರ್‌ನಲ್ಲಿದ್ದ ಎಕ್ಸ್‌ಟ್ರಾ ಬೇಸಿನದನ್ನು ಅಕ್ಕನ ಮಗ ತಗೊಂಡು ಹೋದ. ಅವನು ಕೇಳುವ ಹಾಡಿಗೆ ಅದು ಸರಿಯಂತೆ. ಎರಡನೇ ಚೂಪಿನದನ್ನು ಹೆಂಡತಿ ಒಂದು ದಿನ ಹಾಕಿ ನೋಡಿ, "ರೀ, ಇದರಲ್ಲಿ ಮಾತು ಎಷ್ಟು ಸ್ಪಷ್ಟ ಕೇಳ್ತದೆ! ಇದನ್ನು ಯಾಕೆ ಮೂಲೆಗೆ ಹಾಕಿದ್ರಿ?" ಅಂದಳು. ಅವಳು ಕೇಳುವುದು ಹಾಡಲ್ಲ, ಧಾರಾವಾಹಿ. ಈಗ ರಾತ್ರಿ ಮೇಜಿನ ಆಚೆ ತುದಿಯಲ್ಲಿ ಅವಳು ಅದನ್ನು ಹಾಕಿಕೊಂಡು ಕೂರುತ್ತಾಳೆ. ಈಚೆ ತುದಿಯಲ್ಲಿ ನಾನು. ಊಟಕ್ಕೆ ಕರೆಯಬೇಕಾದರೆ ಒಬ್ಬರಿಗೊಬ್ಬರು ಮೇಜು ಕುಟ್ಟಬೇಕು.