ಆಟಿಸಂ ಇರುವವರ ಆತ್ಮಕಥೆಗಳನ್ನು ನಾನು ಓದಿದ ಬಗೆ

ಕಾಸರಗೋಡಿನ ಬದಿಯಡ್ಕದ ಸಮೀಪ ವಿಶೇಷ ಶಿಕ್ಷಕಿಯಾಗಿರುವ ನನಗೆ ಆಟಿಸಂ ಕುರಿತ ಪಠ್ಯಪುಸ್ತಕಗಳ ಪರಿಚಯ ಚೆನ್ನಾಗಿಯೇ ಇದೆ. ಅವೆಲ್ಲ ಮಗುವನ್ನು ಹೊರಗೆ ನಿಂತು ನೋಡಿದವರು ಬರೆದವು. ಮುಖ ಕೊಟ್ಟು ನೋಡುವುದಿಲ್ಲ, ಕೈ ಆಡಿಸುತ್ತದೆ, ಕೇಳಿದ್ದನ್ನೇ ಕೇಳುತ್ತದೆ ಎಂಬ ಪಟ್ಟಿ. ಯಾಕೆ ಹಾಗೆ ಎಂದು ಸ್ವತಃ ಅನುಭವಿಸಿದವರನ್ನೇ ಕೇಳೋಣ ಎಂದು ಆತ್ಮಕಥೆಗಳಿಗೆ ಕೈಹಾಕಿದೆ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು, ನಿಧಾನವಾಗಿ.

ಮುನ್ನುಡಿಗಳನ್ನು ಕೊನೆಗೆ ಓದುತ್ತೇನೆ. ವೈದ್ಯರೋ ತಾಯಿಯೋ ಬರೆದ ಮುನ್ನುಡಿ ಮೊದಲೇ ತಲೆಗೆ ಹೊಕ್ಕರೆ ಲೇಖಕರ ಮಾತು ಅದರ ಉದಾಹರಣೆಯಂತೆ ಕಾಣಿಸತೊಡಗುತ್ತದೆ. ಪದವಿ, ಪ್ರಶಸ್ತಿ, ಸಾಧನೆಯ ಅಧ್ಯಾಯಗಳನ್ನೂ ಬೇಗ ದಾಟುತ್ತೇನೆ. ನನಗೆ ಬೇಕಾದದ್ದು ಕಿವಿ, ಚರ್ಮ, ಕಣ್ಣು, ಹೊಟ್ಟೆಯ ಸುದ್ದಿ. ಶಬ್ದ ಹೇಗೆ ಕೇಳಿಸಿತು, ಅಂಗಿಯ ಹೊಲಿಗೆ ಎಲ್ಲಿ ಚುಚ್ಚಿತು ಎಂಬಂಥ ಸಾಲುಗಳನ್ನು ಮಾತ್ರ ನೋಟುಪುಸ್ತಕಕ್ಕೆ ಇಳಿಸುತ್ತೇನೆ.

ಆಟಿಸಂ ಇರುವ ಅಮೆರಿಕದ ಲೇಖಕಿ ಟೆಂಪಲ್ ಗ್ರ್ಯಾಂಡಿನ್ ಅವರಿಂದ ಆರಂಭಿಸಿದ್ದು ಒಳ್ಳೆಯದಾಯಿತು. ಅವರ ಮೊದಲ ಆತ್ಮಕಥೆ 1986ರದು, 'ಥಿಂಕಿಂಗ್ ಇನ್ ಪಿಕ್ಚರ್ಸ್' (ಚಿತ್ರಗಳಲ್ಲಿ ಯೋಚಿಸುವುದು) 1995ರದು. ಯಾರಾದರೂ ಅಪ್ಪಿಕೊಂಡರೆ ಸಹಿಸಲಾರದ ಹುಡುಗಿಗೆ ಮೈಯನ್ನು ಗಟ್ಟಿಯಾಗಿ ಒತ್ತಿಸಿಕೊಳ್ಳುವ ಹಂಬಲವೂ ಇತ್ತು. ಅರಿಜೋನಾದಲ್ಲಿ ಚಿಕ್ಕಮ್ಮನ ಜಾನುವಾರು ಕೇಂದ್ರದಲ್ಲಿ, ಲಸಿಕೆಗೆಂದು ದನಗಳನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಚೌಕಟ್ಟು ಕಂಡು ತನಗೂ ಅಂಥದ್ದನ್ನು ಕಟ್ಟಿಕೊಂಡರು. ಒತ್ತಡ ಎಷ್ಟಿರಬೇಕು, ಯಾವಾಗ ಸಾಕು ಎಂಬುದು ಅವರ ಕೈಯಲ್ಲೇ ಇತ್ತು. ಈ ಕೊನೆಯ ಮಾತಿಗೆ ನಾನು ಎರಡು ಗೆರೆ ಎಳೆದಿದ್ದೇನೆ.

ನಮ್ಮಲ್ಲಿ ಒಬ್ಬ ಹುಡುಗ ಮಧ್ಯಾಹ್ನದ ಊಟದ ಗದ್ದಲ ಏರಿದಾಗ ಕಪಾಟಿಗೂ ಗೋಡೆಗೂ ನಡುವಿನ ಸಂದಿಗೆ ಹೋಗಿ ಬೆನ್ನೊತ್ತಿ ನಿಲ್ಲುತ್ತಿದ್ದ. ಎಳೆದು ತಂದರೆ ಕಿರುಚಾಟ. ಹತ್ತಿಯ ಹಾಸಿಗೆಯೊಂದನ್ನು ಮಡಚಿ ಅಲ್ಲೇ ಇಟ್ಟೆವು. ಈಗ ತಾನೇ ಅದನ್ನು ಎದೆಗೆ ಎಳೆದುಕೊಳ್ಳುತ್ತಾನೆ, ಸ್ವಲ್ಪ ಹೊತ್ತಿಗೆ ತಾನೇ ಹೊರಬಂದು ತಟ್ಟೆಯ ಮುಂದೆ ಕೂರುತ್ತಾನೆ. ಇನ್ನೊಬ್ಬಳಿಗೆ ಅದೇ ಹಾಸಿಗೆ ಕೊಟ್ಟರೆ ಓಡಿಹೋದಳು. ಎಲ್ಲರೂ ತನ್ನಂತೆ ಚಿತ್ರಗಳಲ್ಲೇ ಯೋಚಿಸುವುದಿಲ್ಲ ಎಂದು ಗ್ರ್ಯಾಂಡಿನ್ ಅವರೇ ನಂತರ ತಿದ್ದಿಕೊಂಡಿದ್ದಾರೆ. ಒಬ್ಬರ ಕಥೆಯನ್ನು ಇನ್ನೊಂದು ಮಗುವಿನ ಮೇಲೆ ಹೊದಿಸುವ ಆತುರ ನಮಗೇ ಹೆಚ್ಚು.

ಮಾತು ಬಾರದ ಲೇಖಕರ ಪುಸ್ತಕಗಳಿಗೆ ಬಂದಾಗ ಮಾತ್ರ ಬೇರೆ ಎಚ್ಚರ ಬೇಕು. ಜಪಾನಿನ ನಾವೊಕಿ ಹಿಗಾಶಿದ ಹದಿಮೂರರ ವಯಸ್ಸಿನಲ್ಲಿ ಬರೆದ ಪುಸ್ತಕ 2007ರಲ್ಲಿ ಬಂತು, ಇಂಗ್ಲಿಷಿಗೆ 2013ರಲ್ಲಿ. ಅಕ್ಷರಫಲಕದ ನೆರವಿನಿಂದ, ಅಂದರೆ ಫಲಕದ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ತೋರಿಸಿ ಬರೆದದ್ದು. ಇಂಥ ಬರವಣಿಗೆಯಲ್ಲಿ ಫಲಕ ಹಿಡಿದವರ ಪಾಲೆಷ್ಟು ಎಂಬ ತಕರಾರು ಇದ್ದೇ ಇದೆ. ಹೀಗೆ ಇನ್ನೊಬ್ಬರು ಕೈಯನ್ನೋ ಫಲಕವನ್ನೋ ಹಿಡಿದು ಬರೆಸುವ ಎರಡು ವಿಧಾನಗಳನ್ನು ಬಳಸಬಾರದೆಂದು ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ 2018ರಲ್ಲಿ ಹೇಳಿತು. ಅವುಗಳಲ್ಲಿ ಒಂದನ್ನು ರೂಪಿಸಿದವರು ಸೋಮಾ ಮುಖೋಪಾಧ್ಯಾಯ. ಆಟಿಸಂ ಇರುವ ಅವರ ಮಗ ಟಿಟೊನ ಬಾಲ್ಯದ ಕೆಲವು ವರ್ಷ ಕಳೆದದ್ದು ನಮ್ಮ ಕನ್ನಡನಾಡಿನಲ್ಲೇ. ತನ್ನ ಮೈ ಚೂರುಚೂರಾಗಿ ಹರಡಿದಂತೆ ಅನಿಸುತ್ತಿತ್ತು, ತಿರುಗುವ ಫ್ಯಾನಿನಂತೆ ತಾನೂ ಸುತ್ತಿದಾಗ ಒಂದುಗೂಡುತ್ತಿತ್ತು ಎಂದು ಟಿಟೊ ಬರೆದದ್ದನ್ನು ನಾನು ಬಿಟ್ಟುಕೊಡಲಾರೆ. ಸಾಬೀತಾದ ಸತ್ಯ ಎನ್ನುವುದಿಲ್ಲ. ಫ್ಯಾನಿನ ಕೆಳಗೆ ಸುತ್ತುವ ಮಗುವನ್ನು ತಡೆಯುವ ಮೊದಲು ಒಂದು ಕ್ಷಣ ನಿಲ್ಲುವುದಕ್ಕೆ ಅಷ್ಟು ಸಾಕು. ಹಾಗಾಗಿ ನೋಟುಪುಸ್ತಕದಲ್ಲಿ ಪ್ರತಿ ಹೆಸರಿನ ಪಕ್ಕ ಒಂದು ಗುರುತು ಹಾಕುತ್ತೇನೆ: ಸ್ವತಃ ಮಾತಾಡಿದವರೋ, ಒಬ್ಬರೇ ಕೂತು ಟೈಪ್ ಮಾಡಿದವರೋ, ಪಕ್ಕದಲ್ಲಿ ಫಲಕ ಹಿಡಿದವರಿದ್ದರೋ.

ಓದಿದ್ದನ್ನು ಮಕ್ಕಳನ್ನು ಕರೆದೊಯ್ಯಲು ಬರುವ ಅಮ್ಮಂದಿರಿಗೆ ಹೇಳುತ್ತೇನೆ, ತುಳು, ಮಲಯಾಳ, ಕನ್ನಡ ಬಂದಂತೆ ಬೆರೆಸಿ. ಸಾಧನೆಯ ಕಥೆ ಹೇಳಿದರೆ ಅವರ ಮುಖ ಬಾಡುತ್ತದೆ. ಡೋನಾ ವಿಲಿಯಮ್ಸ್ ಎಂಬ ಆಸ್ಟ್ರೇಲಿಯಾದ ಹುಡುಗಿಗೆ ಕಿವುಡಿರಬಹುದೆಂದು ಪರೀಕ್ಷೆ ಮಾಡಿಸಿದ್ದರಂತೆ ಎಂದಾಗ ಒಬ್ಬರು ತಟ್ಟನೆ ಎಂದರು, "ಟೀಚರೇ, ನನ್ನ ಮಗನಿಗೂ ಮಾಡಿಸಿದ್ದೆವು. ಮಿಕ್ಸಿ ಹಾಕಿದರೆ ಮಾತ್ರ ಅಂಗಳಕ್ಕೆ ಓಡುತ್ತಾನೆ." ಈಗ ಅವರ ಮನೆಯಲ್ಲಿ ತೆಂಗಿನಕಾಯಿ ಅರೆಯುವುದು ಅವನು ಶಾಲೆಗೆ ಹೊರಟ ಮೇಲೆ.